ತೂಬು ತೆಗೆಯುವ ಕೈ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತಿಯಲ್ಲಿ ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿಟ್ಟು, ಅಸಲನ್ನು ಯಾರೂ ಮುಟ್ಟಕೂಡದು, ವರ್ಷದ ಬಡ್ಡಿಯಲ್ಲಿ ಊರಿನ ಹುಡುಗರಿಗೆ ಒಂದು ಉಪನ್ಯಾಸ ನಡೆಯಬೇಕು ಎಂದು ಬರೆದುಕೊಟ್ಟಿದ್ದಾರೆ. ಆಹ್ವಾನದ ಜೊತೆಗೆ ಆ ಕರಾರಿನ ಪ್ರತಿಯನ್ನೂ ಸಂಘಟಕರು ಕಳಿಸಿದ್ದರು. ಅದನ್ನು ಎರಡು ಸಲ ಓದಿದೆ. ನನಗೆ ಕೊಟ್ಟಿರುವ ವಿಷಯ ಸ್ವಂತ ಲಾಭ ಮತ್ತು ಸಮಾಜದ ಹಿತ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಿಗೆ ಈ ವಿಷಯದ ಮೇಲೆ ಪುಸ್ತಕದ ಮಾತು ಬೇಕಾದಷ್ಟು ಸಿಗುತ್ತದೆ. ಆದರೆ ಅಸಲು, ಬಡ್ಡಿ ಎಂಬ ಆ ಎರಡು ಪದ ನನ್ನನ್ನು ನಮ್ಮೂರಿನ ಕೆರೆ ಏರಿಯ ಮೇಲೆ ತಂದು ನಿಲ್ಲಿಸಿದವು. ಇವತ್ತು ಅಲ್ಲಿಂದಲೇ ಮಾತಾಡುತ್ತೇನೆ.

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. 1986ರ ಬೇಸಿಗೆಯಲ್ಲಿ ನಮ್ಮ ತಂದೆ ಹೊಲದಲ್ಲಿ ಕೊಳವೆಬಾವಿ ಕೊರೆಸಿದರು. ನಮ್ಮೂರಿಗೆ ಅದು ಮೊದಲನೆಯದು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಪಾಯಿಂಟ್ ನೋಡುವವರು ಬಂದು ಜಾಗ ತೋರಿಸಿದ್ದರು. ರಾತ್ರಿಯಿಡೀ ರಿಗ್ ಲಾರಿ ಅಬ್ಬರಿಸಿತು, ಕಲ್ಲಿನ ಪುಡಿ ಹಾರಿ ಪಕ್ಕದ ಹುಣಸೆಮರ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಬೆಳಗಿನ ಜಾವ 180 ಅಡಿಗೆ ನೀರು ಬಿತ್ತು. ಎರಡೂವರೆ ಇಂಚು. ಅಮ್ಮ ಅರಿಶಿನ ಕುಂಕುಮ ಇಟ್ಟಳು. ಪಕ್ಕದ ಹೊಲದವರನ್ನು ನಾವು ಮಾವ ಎಂದು ಕರೆಯುತ್ತಿದ್ದೆವು, ರಕ್ತಸಂಬಂಧವೇನೂ ಇರಲಿಲ್ಲ. ಗಂಗಮ್ಮನಿಗೆ ಕಾಯಿ ಒಡೆದವರು ಅವರೇ. ಊರೆಲ್ಲ ಬಂದು ಆ ನೀರಿನಲ್ಲಿ ಕೈ ತೊಳೆದರು.

ಮೂರನೆಯ ಬೇಸಿಗೆಗೆ ಮಾವನ ತೆರೆದ ಬಾವಿಯ ತಳ ಕಂಡಿತು. ಅವರ ಅಪ್ಪನ ಕಾಲದಿಂದ ಕಪಿಲೆ ಹೊಡೆದ ಬಾವಿ ಅದು. ಮಾವ ನಮ್ಮ ತಂದೆಯ ಎದುರು ಒಂದು ಮಾತೂ ಆಡಲಿಲ್ಲ. ಅತ್ತೆ ಮಾತ್ರ ಒಂದು ದಿನ ನಲ್ಲಿ ಹತ್ತಿರ ಅಮ್ಮನಿಗೆ ಅಂದರಂತೆ: ‘ನಿಮ್ಮ ಬೋರು ನಮ್ಮ ಬಾವೀನ ಕುಡ್ಕೊಂಡುಬಿಡ್ತು ಕಣಕ್ಕ.’ ಅಮ್ಮ ಅದನ್ನು ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಭೂಮೀಲಿ ನಾವು ಹೊಡೆಸಿದ್ದು’ ಎಂದರು. ಮಾವನೂ ಸಾಲ ಮಾಡಿ 320 ಅಡಿ ಕೊರೆಸಿದರು. ಆಮೇಲೆ ನಾವು 500. ಊರಿನಲ್ಲಿ ಯಾರು ಎಷ್ಟು ಆಳಕ್ಕೆ ಇಳಿದರು ಎಂಬುದೇ ಮಾತಾಯಿತು. 2009ರಲ್ಲಿ ನಮ್ಮ ಮನೆಯವರು ಕೊರೆಸಿದ ಕೊನೆಯ ಬಾವಿ 1,250 ಅಡಿ. ಬಂದದ್ದು ಬರೀ ಧೂಳು.

ನನ್ನ ತಂದೆ ದುರಾಸೆಯ ಮನುಷ್ಯರಾಗಿರಲಿಲ್ಲ. ಇದನ್ನು ಮಗನ ಅಭಿಮಾನದಿಂದ ಹೇಳುತ್ತಿಲ್ಲ. ದೇವಸ್ಥಾನದ ಕಣಜದ ಲೆಕ್ಕ ಅವರ ಕೈಯಲ್ಲಿ ಹನ್ನೊಂದು ವರ್ಷ ಇತ್ತು, ಒಂದು ಸೇರು ರಾಗಿಯ ಮೇಲೂ ಯಾರೂ ಬೆರಳು ತೋರಿಸಲಿಲ್ಲ. ಅದೇ ಮನುಷ್ಯ, ಅದೇ ಊರು. ಕಣಜದ ಮುಂದೆ ಒಂದು ರೀತಿ, ಬೋರಿನ ಮುಂದೆ ಇನ್ನೊಂದು ರೀತಿ. ಜನರ ಮನಸ್ಸು ಕೆಟ್ಟಿತು, ಸ್ವಾರ್ಥ ಹೆಚ್ಚಿತು ಎಂದು ವೇದಿಕೆಗಳಲ್ಲಿ ಕೇಳುವಾಗಲೆಲ್ಲ ನನಗೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಒಬ್ಬನ ಲಾಭವೂ ಊರಿನ ಹಿತವೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿದ್ದ ವ್ಯವಸ್ಥೆಯೊಂದು ನಮ್ಮಲ್ಲಿತ್ತು, ಆ ಹಗ್ಗವನ್ನು ಒಂದೊಂದೇ ಎಳೆಯಾಗಿ ಕತ್ತರಿಸಿದೆವು ಎಂಬುದು ನನ್ನ ಮಾತು. ಹಾಗೆಯೇ, ಆ ಹಗ್ಗ ಯಾರ ಕೊರಳಿಗೆ ಬಿಗಿದಿತ್ತು ಎಂಬುದನ್ನೂ ಹೇಳದೆ ಈ ಮಾತು ಮುಗಿಸುವ ಹಾಗಿಲ್ಲ.

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಇದೆ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಂದಿಯ ಸುತ್ತಿನ ಬೆಟ್ಟಗಳಿಂದ ಇಳಿಯುತ್ತವೆ. ಎಲ್ಲವೂ ಮಳೆ ಬಂದಾಗ ಹರಿದು ಆಚೆ ರಾಜ್ಯಕ್ಕೆ ಹೋಗುವಂಥವು. ಮಳೆಯೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಹಾಗಾಗಿ ಇಲ್ಲಿನ ಹಿರಿಯರು ಪ್ರತಿ ಹಳ್ಳದ ಇಳಿಜಾರಿಗೂ ಮಣ್ಣಿನ ಏರಿ ಹಾಕಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಂಗಳೂರಿನ ಕೆರೆಯೊಂದಕ್ಕೆ ಹೆಸರಾಗಿ ಉಳಿದಿರುವ ಸ್ಯಾಂಕಿ 19ನೆಯ ಶತಮಾನದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದರು. ಹೊಸ ಕೆರೆಗೆ ಇಲ್ಲಿ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕು, ಅಷ್ಟು ಕೆರೆಗಳನ್ನು ಈ ಜನ ಆಗಲೇ ಕಟ್ಟಿ ಮುಗಿಸಿದ್ದಾರೆ ಎಂಬರ್ಥದ ಮಾತನ್ನು ಅವರು ಬರೆದಿಟ್ಟಿದ್ದಾರೆ.

ಕೆರೆ ಕಟ್ಟಿದ್ದು ದೊಡ್ಡದು, ಉಳಿಸಿಕೊಂಡದ್ದು ಇನ್ನೂ ದೊಡ್ಡದು. ಮಣ್ಣಿನ ಏರಿ ಒಂದು ಮಳೆಗಾಲ ನೋಡಿಕೊಳ್ಳದಿದ್ದರೆ ಹೆಗ್ಗಣದ ಬಿಲದಲ್ಲಿ ನೀರು ಜಿನುಗಿ ಒಡೆದುಹೋಗುತ್ತದೆ. ನೋಡಿಕೊಳ್ಳುವವರಿಗೆ ಶಾಸನಗಳ ಕಾಲದಲ್ಲಿ ಬಿತ್ತುವಟ್ಟ ಇತ್ತು, ಆಮೇಲೆ ಕಟ್ಟುಕೊಡಗೆ ಬಂತು. ಕೆರೆ ಕಟ್ಟಿದವನಿಗೋ ರಿಪೇರಿ ಮಾಡುವವನಿಗೋ ಅದೇ ಕೆರೆಯ ಅಚ್ಚುಕಟ್ಟಿನಲ್ಲಿ ಭೂಮಿ ಬಿಟ್ಟುಕೊಡುವುದು. ಇದರ ಸೂಕ್ಷ್ಮ ನೋಡಿ. ಅವನಿಗೆ ಹಣ ಕೊಟ್ಟಿದ್ದರೆ ಹಣ ತೆಗೆದುಕೊಂಡು ಹೋಗುತ್ತಿದ್ದ. ಅದೇ ಕೆರೆಯ ಕೆಳಗೆ ಗದ್ದೆ ಕೊಟ್ಟರೆ, ಏರಿ ಒಡೆದ ದಿನ ಮೊದಲು ಕೊಚ್ಚಿಹೋಗುವುದರಲ್ಲಿ ಅವನ ಪೈರೂ ಇರುತ್ತದೆ. ಅವನು ಏರಿ ಮೇಲೆ ರಾತ್ರಿ ಲಾಟೀನು ಹಿಡಿದು ಓಡಾಡುವುದಕ್ಕೆ ಪರೋಪಕಾರಬುದ್ಧಿ ಬೇಕಾಗಿರಲಿಲ್ಲ. ಇದ್ದರೆ ಒಳ್ಳೆಯದೇ.

ಇನ್ನು ಗೋಡು. ಈ ಪದ ಇಲ್ಲಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಕೆರೆಯ ತಳದಲ್ಲಿ ನಿಲ್ಲುವ ನುಣ್ಣನೆಯ ಹೂಳಿಗೆ ನಮ್ಮ ಕಡೆ ಕೆರೆಗೋಡು ಎನ್ನುತ್ತಾರೆ. ಯುಗಾದಿ ಕಳೆದು ಕೆರೆ ಒಣಗಿದ ಮೇಲೆ ಊರಿನ ಗಾಡಿಗಳೆಲ್ಲ ಕೆರೆಗೆ ಇಳಿಯುತ್ತಿದ್ದವು. ಗುದ್ದಲಿಯಲ್ಲಿ ಅಗೆದು, ಮಂಕರಿಯಲ್ಲಿ ತುಂಬಿ, ಹೊಲಕ್ಕೆ ಗೋಡು ಹೊಡೆಯುವುದು ತಿಂಗಳುಗಟ್ಟಲೆಯ ಕೆಲಸ. ನಾನು ಚಿಕ್ಕವನಿದ್ದಾಗ ಗಾಡಿಯ ಹಿಂದಿನ ಹಲಗೆ ಹಿಡಿದು ಜೋತುಬಿದ್ದು ಹೋಗಿದ್ದೇನೆ. ಕೆರೆಯ ಹೂಳು ತೆಗೆಯಬೇಕು ಎಂದು ಯಾರೂ ಹೋಗುತ್ತಿರಲಿಲ್ಲ. ನನ್ನ ಹೊಲಕ್ಕೆ ಗೊಬ್ಬರ ಬೇಕು ಎಂದು ಹೋಗುತ್ತಿದ್ದರು. ಹತ್ತು ಗಾಡಿ ಮಣ್ಣು ಎತ್ತಿದರೆ ಕೆರೆಯಲ್ಲಿ ಹತ್ತು ಗಾಡಿ ನೀರಿಗೆ ಜಾಗವಾಗುತ್ತಿತ್ತು. ಪ್ರತಿಯೊಬ್ಬನೂ ತನ್ನ ಹೊಲಕ್ಕಾಗಿ ದುಡಿದ, ಕೆರೆ ಎಲ್ಲರಿಗಾಗಿ ಆಳವಾಯಿತು. ನನ್ನ ಓದಿನಲ್ಲಿ ಸ್ವಂತ ಲಾಭ ಊರಿನ ಹಿತವಾಗುವುದಕ್ಕೆ ಇಷ್ಟು ಸುಂದರವಾದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಚೀಲದ ಗೊಬ್ಬರ ಅಂಗಡಿಗೆ ಬಂದ ಮೇಲೆ ಗಾಡಿಗಳು ಕೆರೆಗೆ ಇಳಿಯುವುದು ಕಡಿಮೆಯಾಯಿತು. ಯಾರೂ ತಪ್ಪು ಮಾಡಲಿಲ್ಲ. ಒಂದು ಚೀಲ ಯೂರಿಯಾ ಸೈಕಲ್ ಮೇಲೆ ಹೇರಿಕೊಂಡು ಬರಬಹುದಾದರೆ ಬಿಸಿಲಲ್ಲಿ ನೂರು ಗಾಡಿ ಗೋಡು ಏಕೆ ಹೊಡೆಯಬೇಕು? ಹಗ್ಗದ ಒಂದು ಎಳೆ ಹಾಗೆ ಸದ್ದಿಲ್ಲದೆ ಕಡಿಯಿತು. ಹೂಳು ಏರಿತು, ಅದರ ಮೇಲೆ ಜಾಲಿ ಬೆಳೆಯಿತು, ಜಾಲಿಯ ಮರೆಯಲ್ಲಿ ಅಂಚಿನ ಹೊಲದವರು ವರ್ಷಕ್ಕೊಂದು ಗೇಣು ಒತ್ತಿದರು. ಕೆರೆಗೆ ನೀರು ಬರುವ ಮೇಲ್ಭಾಗದ ಬೋರೆಗಳಲ್ಲಿ ನೀಲಗಿರಿ ಬಂತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ.

ದಾಮಾಶಾ ಎಂಬ ಪದ್ಧತಿಯ ಬಗ್ಗೆ ಹೇಳಬೇಕು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಲ್ಲರೂ ಏರಿಯ ಮೇಲೋ ಗುಡಿಯ ಮುಂದೋ ಸೇರುತ್ತಿದ್ದರು. ಇರುವ ನೀರಿಗೆ ಎಷ್ಟು ಎಕರೆ ಬೆಳೆಯಬಹುದು ಎಂದು ನೀರುಗಂಟಿ ಅಂದಾಜು ಹೇಳುತ್ತಿದ್ದ. ತೂಬಿಗೆ ಹತ್ತಿರದ ಅಷ್ಟು ಗದ್ದೆಯನ್ನು ಮಾತ್ರ ಉಳುವುದು, ಅದನ್ನು ಎಲ್ಲ ಹಿಡುವಳಿದಾರರಿಗೂ ಅವರವರ ಭೂಮಿಯ ಪ್ರಮಾಣಕ್ಕೆ ತಕ್ಕಂತೆ ಆ ಒಂದು ಬೆಳೆಗೆ ಮಾತ್ರ ಹಂಚುವುದು. ಕೊನೆಯ ಕಾಲುವೆಯಲ್ಲಿ ಗದ್ದೆ ಇರುವವನಿಗೂ ತೂಬಿನ ಬುಡದಲ್ಲಿ ಪಾಲು. ತೂಬಿನ ಬುಡದ ಗದ್ದೆಯವನು ತನ್ನ ಸ್ವಂತ ಭೂಮಿಯಲ್ಲಿ ಬೇರೆಯವರು ಉಳುವುದನ್ನು ಒಪ್ಪಿಕೊಳ್ಳುತ್ತಿದ್ದ. ಬರವನ್ನು ಹಂಚಿಕೊಳ್ಳುವುದು ಎಂದರೆ ಇದು. ನಮ್ಮೂರಿನಲ್ಲಿ ಕೊನೆಯ ದಾಮಾಶಾ ಯಾವಾಗ ನಡೆಯಿತೆಂದು ನನ್ನ ತಂದೆಗೂ ನೆನಪಿರಲಿಲ್ಲ, ಆದರೆ ನಡೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಇಲ್ಲಿಯವರೆಗೆ ಕೇಳಿದವರು, ಆಹಾ, ಎಂಥ ಕಾಲ ಎಂದುಕೊಂಡಿದ್ದರೆ ಅದನ್ನು ನಾನೇ ಸ್ವಲ್ಪ ಕಲಕಬೇಕಾಗಿದೆ.

ನೀರುಗಂಟಿ ಎಂದೆ. ತೂಬಿನ ಹತ್ತಿರ ಮುಳುಗಿ ಗೂಟ ಎತ್ತಿ ನೀರು ಬಿಡುವವನು, ಕಾಲುವೆಯಿಂದ ಕಾಲುವೆಗೆ ಮಡೆ ತಿರುಗಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುವವನು ಅವನೇ. ಗೌಡನೂ ಶಾನುಭೋಗನೂ ಅವನ ಕೈಯಿಂದ ತೂಬಿನ ಗೂಟ ಕಿತ್ತುಕೊಳ್ಳುವಂತಿರಲಿಲ್ಲ. ನಮ್ಮ ಸೀಮೆಯಲ್ಲಿ ಈ ಕೆಲಸ ಬಹುಪಾಲು ಕಡೆ ದಲಿತರದು. ಗದ್ದೆ ಇಲ್ಲದವನಾದ್ದರಿಂದ ಅವನು ಪಕ್ಷಪಾತ ಮಾಡುವುದಿಲ್ಲ ಎಂದು ಹಳಬರು ಮೆಚ್ಚುಗೆಯಿಂದ ಹೇಳುವುದನ್ನು ಕೇಳಿದ್ದೇನೆ. ಆ ಮೆಚ್ಚುಗೆಯನ್ನು ಒಂದು ಸಲ ತಿರುವಿ ನೋಡಿ. ಎಲ್ಲರಿಗೂ ನೀರು ಹಂಚುವವನಿಗೆ ತನ್ನದೆಂಬ ಗದ್ದೆ ಇರಬಾರದು ಎಂಬ ನೆಲೆಯ ಮೇಲೆ ಊರಿನ ನ್ಯಾಯ ನಿಂತಿತ್ತು. ಕಣದಲ್ಲಿ ಪ್ರತಿ ಮನೆಯವರೂ ಕೊಡುವ ಆಯ ಅವನ ಕೂಲಿ, ಅದಕ್ಕೆ ಅವನು ಕಣದ ಅಂಚಿನಲ್ಲಿ ಕಾಯಬೇಕಿತ್ತು. ಕೆರೆಯ ನೀರಿಗೆಲ್ಲ ಒಡೆಯನಂತಿದ್ದವನ ಹೆಂಡತಿ ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ.

‘ಕೆರೆಗೆ ಹಾರ’ದ ಭಾಗೀರಥಿ ನಿಮಗೆಲ್ಲ ಗೊತ್ತು. ಊರಿಗೆ ನೀರು ಬೇಕು, ಅದಕ್ಕೆ ಕಿರಿಸೊಸೆ ಆಹುತಿಯಾಗಬೇಕು. ಶಾಲೆಯಲ್ಲಿ ಅದನ್ನು ನಮಗೆ ತ್ಯಾಗದ ಕಥೆಯೆಂದು ಹೇಳಿಕೊಟ್ಟರು. ಜನಪದರು ಅದನ್ನು ಸಂಕಟದಿಂದ ಹಾಡಿದ್ದಾರೆ, ಆ ಸಂಕಟದಲ್ಲಿ ಪ್ರಶ್ನೆ ಇದೆ. ಮನೆಯಲ್ಲಿ ಮಾತಾಡಲು ಹಕ್ಕಿಲ್ಲದವಳೇ ಯಾಕೆ ಊರಿನ ಹಿತಕ್ಕೆ ಆಯ್ಕೆಯಾಗುತ್ತಾಳೆ? ಸಮಾಜದ ಹಿತ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಈ ಹಿತಕ್ಕೆ ಬೆಲೆ ತೆರುತ್ತಿರುವವರನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ?

ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯೂ ಸಾರ್ವಜನಿಕ ಕೆರೆಯೇ ಆಗಿತ್ತು. ಸಾರ್ವಜನಿಕ ನೀರಿನ ನೆಲೆಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ಶಾಸನ ಸಭೆ ನಿರ್ಣಯ ಮಾಡಿತ್ತು, ಮಹಾಡದ ಪುರಸಭೆಯೂ ಅದನ್ನು ಒಪ್ಪಿಕೊಂಡಿತ್ತು. ಕಾಗದದ ಮೇಲೆ ಎಲ್ಲರದೂ ಆದ ಆ ನೀರನ್ನು 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಅವರ ಜೊತೆ ನಡೆದುಬಂದವರು ಬೊಗಸೆಯಲ್ಲಿ ಕುಡಿದಾಗ ಊರಿನ ಕೆಲವರು ಅವರನ್ನು ಹೊಡೆದರು, ಆಮೇಲೆ ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ನ್ಯಾಯಾಲಯದ ಕೊನೆಯ ತೀರ್ಪು ಬರಲು 1937ರವರೆಗೆ ಕಾಯಬೇಕಾಯಿತು. ಎಲ್ಲರದು ಎಂಬ ಪದದೊಳಗೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ ನೋಡಿದ್ದು ಆ ದಿನ.

ಆದ್ದರಿಂದ ಹಳೆಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾನೂನನ್ನು ನಾನು ದೂರುವುದಿಲ್ಲ. ವಂಶಪಾರಂಪರ್ಯದ ತೋಟಿ, ತಳವಾರ, ನೀರುಗಂಟಿ ಹೊರೆಗಳು ಹೋಗಬೇಕಾಗಿತ್ತು, ಹೋದವು. ನನ್ನ ಕೊರಗು ಬೇರೆ. ಹುದ್ದೆ ಹೋದಾಗ ಕೆಲಸವೂ ಹೋಯಿತು. ಹುಟ್ಟಿನಿಂದ ಬಂದ ನೀರುಗಂಟಿಯ ಜಾಗದಲ್ಲಿ ಸಂಬಳ, ಗೌರವ, ಅಧಿಕಾರ ಇರುವ ನೀರುಗಂಟಿಯನ್ನು ನಾವು ನೇಮಿಸಲಿಲ್ಲ. ಕೆರೆಗಳು ಸರ್ಕಾರದವಾದವು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಾದರೆ ಪಂಚಾಯಿತಿಗೆ, ಹೆಚ್ಚಾದರೆ ಸಣ್ಣ ನೀರಾವರಿ ಇಲಾಖೆಗೆ. ಜಾಗ ಕಂದಾಯದವರದು, ಮೀನು ಮೀನುಗಾರಿಕೆಯವರದು, ಮರ ಅರಣ್ಯದವರದು. ಊರಿನವರದು ಎನ್ನುವುದಕ್ಕೆ ಏನೂ ಉಳಿಯಲಿಲ್ಲ.

ಅದೇ ಹೊತ್ತಿಗೆ ನೆಲದ ಕೆಳಗಿನ ನೀರು ಒಬ್ಬೊಬ್ಬರ ಸ್ವಂತದ್ದಾಗಿತ್ತು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ, ಗೊತ್ತಾದ ಕಾಲುವೆಯಲ್ಲಿ ಹರಿಯದ ಅಂತರ್ಜಲವನ್ನು ತನ್ನ ಜಮೀನಿನ ಎಲ್ಲೆಯೊಳಗೆ ಎತ್ತಿಕೊಳ್ಳುವುದು ಜಮೀನಿನ ಒಡೆಯನ ಹಕ್ಕು. ‘ನಮ್ಮ ಭೂಮೀಲಿ ನಾವು ಹೊಡೆಸಿದ್ದು’ ಎಂದ ನನ್ನ ತಂದೆಗೆ ಆ ಕಾಯ್ದೆಯ ಹೆಸರೂ ಗೊತ್ತಿರಲಿಲ್ಲ, ಅದರ ಸಾರ ಗೊತ್ತಿತ್ತು. ಕಪಿಲೆಯ ಕಾಲಕ್ಕೆ ಆ ಕಾನೂನು ಅಷ್ಟೇನೂ ಅಪಾಯವಾಗಿರಲಿಲ್ಲ. ಎರಡು ಎತ್ತು ಎಷ್ಟು ಎಳೆದಾವು? ಬಾವಿಯಲ್ಲಿ ನೀರು ಇಳಿದ ಹಾಗೆ ಎತ್ತುಗಳೂ ದಣಿಯುತ್ತಿದ್ದವು, ದಣಿವೇ ಮಿತಿಯಾಗಿತ್ತು. ನೀರಿನೊಳಗೇ ಇಳಿದು ಕೂರುವ ಮೋಟರಿಗೆ ದಣಿವಿಲ್ಲ. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ ಮೇಲೆ ಬಿಲ್ಲಿನ ಮಿತಿಯೂ ಹೋಯಿತು. ಒಣಭೂಮಿಯ ರೈತನಿಗೆ ಆಸರೆಯಾಗಲಿ ಎಂದು ಕೊಟ್ಟದ್ದು ಅದು, ಆ ಉದ್ದೇಶವನ್ನು ಗೌರವಿಸುತ್ತೇನೆ. ಆದರೆ ಉಚಿತ ಕರೆಂಟಿನ ದೊಡ್ಡ ಪಾಲು ಹೋಗುವುದು ನೀರು ಸಿಗುವಷ್ಟು ಆಳಕ್ಕೆ ಕೊರೆಸುವ ಶಕ್ತಿ ಇದ್ದವನಿಗೆ. ಬಾವಿ ಬತ್ತಿದ ಮಾವನಿಗೆ, ಬಾವಿಯೇ ಇಲ್ಲದ ಕೂಲಿಯವನಿಗೆ ಅದರಲ್ಲಿ ಏನೂ ಬರುವುದಿಲ್ಲ.

‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಎಂಬ ಗಾದೆ ನಮ್ಮದು. ಯಾರೇ ಆದರೂ ನೀರಿನ ಹತ್ತಿರ ಬರಲೇಬೇಕು, ಅಲ್ಲಿ ಎಲ್ಲರ ಮುಖ ನೋಡಲೇಬೇಕು. ಬೋರ್‌ವೆಲ್ ಬಂದ ಮೇಲೆ ಊರಿನವರು ನೀರಿಗಾಗಿ ಒಬ್ಬರ ಮುಖ ಒಬ್ಬರು ನೋಡುವ ಅಗತ್ಯ ತಪ್ಪಿತು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಸ್ಟಾರ್ಟರ್ ಹಾಕಬಹುದು. ಕೆರೆ ತುಂಬಿತೋ ಒಡೆಯಿತೋ ಎಂಬ ಚಿಂತೆ ಬೋರಿನವನಿಗೆ ಹೋಯಿತು. ಊರಿನಲ್ಲಿ ಗಟ್ಟಿ ದನಿ ಇದ್ದವರೇ ಮೊದಲು ಬೋರು ಹಾಕಿಸಿಕೊಂಡವರು, ಹಾಗಾಗಿ ಕೆರೆಯ ಪರ ಮಾತಾಡುವ ಗಟ್ಟಿ ದನಿಗಳೇ ಇಲ್ಲವಾದವು. ಗಟ್ಟಿ ದನಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡ ಮೇಲೆ ಸರ್ಕಾರಿ ಶಾಲೆಗೆ ಆದದ್ದನ್ನು ನೆನೆಸಿಕೊಂಡರೆ ನಿಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಅಸಲು, ಬಡ್ಡಿಯ ಮಾತು. ಮಳೆ ವರ್ಷವರ್ಷ ಬರುವ ಬಡ್ಡಿ. ಕೆರೆ ಆ ಬಡ್ಡಿಯನ್ನು ಹಿಡಿದಿಟ್ಟು, ಒಂದಿಷ್ಟನ್ನು ಗದ್ದೆಗೆ ಕೊಟ್ಟು, ಒಂದಿಷ್ಟನ್ನು ನೆಲಕ್ಕೆ ಇಳಿಸುತ್ತಿತ್ತು. ನಮ್ಮ ಸೀಮೆಯ ಕೆಳಗಿರುವುದು ಗಟ್ಟಿ ಬಂಡೆ. ಆಳದ ಬಿರುಕುಗಳಲ್ಲಿ ಇದ್ದ ನೀರು ಎಷ್ಟೋ ತಲೆಮಾರುಗಳಿಂದ ಇಳಿದು ಸೇರಿದ್ದು. ನಾವು ಮೂವತ್ತು ವರ್ಷದಲ್ಲಿ ಆ ಅಸಲಿಗೇ ಕೈಹಾಕಿ ಟೊಮೆಟೊ ಬೆಳೆದೆವು, ಸೊಪ್ಪು ಬೆಳೆದೆವು, ಹಿಪ್ಪುನೇರಳೆ ಬೆಳೆದೆವು. ಆಳದ ಬಂಡೆಯ ನೀರಿನ ಜೊತೆ ಫ್ಲೋರೈಡ್ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಅದು ಎಷ್ಟೋ ಹಳ್ಳಿಗಳಲ್ಲಿ ಮೀರಿತು, ಮಕ್ಕಳ ಹಲ್ಲು ಕಂದಾಯಿತು, ದೊಡ್ಡವರ ಮಂಡಿ ಬಿಗಿಯಿತು. ನೀರು ಎತ್ತಿ ಬೆಳೆದ ಲಾಭ ಒಬ್ಬೊಬ್ಬರದು, ಹಲ್ಲಿನ ಕಂದು ಎಲ್ಲರದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಹಾರ್ಡಿನ್ ಅವರನ್ನು ನೆನೆಯುತ್ತಾರೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಒಂದು ಲೇಖನ ಬರೆದು, ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಟ್ಟೇ ಬಿಡುತ್ತಾನೆ, ಕೊನೆಗೆ ಹುಲ್ಲುಗಾವಲು ಹಾಳಾಗುತ್ತದೆ ಎಂದರು. ನಾನೂ ಎಷ್ಟೋ ವರ್ಷ ಅದನ್ನು ಹಾಗೆಯೇ ಪಾಠ ಮಾಡಿದೆ. ಮಾಡುವಾಗ ನನ್ನ ಊರಿನ ಗೋಡು, ದಾಮಾಶಾ ನೆನಪಾಗಲಿಲ್ಲ, ಅದಕ್ಕೆ ಈಗ ನೋವಾಗುತ್ತದೆ. ಎಲಿನರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ 1965ರಲ್ಲಿ ಮುಗಿಸಿದ ತಮ್ಮ ಸಂಶೋಧನೆಗೆ ಆರಿಸಿಕೊಂಡದ್ದು ಲಾಸ್ ಏಂಜಲಿಸ್ ಹತ್ತಿರದ ಬೋರ್‌ವೆಲ್‌ಗಳನ್ನೇ. ಅಲ್ಲಿ ಎಲ್ಲರೂ ಪೈಪೋಟಿಯಲ್ಲಿ ನೀರು ಎತ್ತಿ ಸಮುದ್ರದ ಉಪ್ಪುನೀರು ಒಳನುಗ್ಗಿತ್ತು. ನೀರೆತ್ತುವವರೇ ಸಂಘ ಕಟ್ಟಿಕೊಂಡು, ನ್ಯಾಯಾಲಯದ ಮುಂದೆ ಕೂತು, ಪ್ರತಿಯೊಬ್ಬರೂ ಎಷ್ಟು ಎತ್ತಬಹುದೆಂದು ಒಪ್ಪಂದ ಮಾಡಿಕೊಂಡರು. ಆಸ್ಟ್ರಮ್ ತಮ್ಮ 1990ರ ಪುಸ್ತಕದಲ್ಲಿ ಸ್ಪೇನಿನ ಕಾಲುವೆಗಳು, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಹಳ್ಳಿಗಳ ಕಾಡು ಇವೆಲ್ಲವನ್ನೂ ಮುಂದಿಟ್ಟು, ಜನ ತಾವೇ ಕಟ್ಟಳೆ ಮಾಡಿ, ತಾವೇ ಕಾವಲಿದ್ದು, ತಪ್ಪಿದವನಿಗೆ ತಾವೇ ಸಣ್ಣ ದಂಡ ಹಾಕಿ ಶತಮಾನಗಟ್ಟಲೆ ಉಳಿಸಿಕೊಂಡಿದ್ದಾರೆ ಎಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಹಾರ್ಡಿನ್ ಹೇಳಿದ್ದು ಕಟ್ಟಳೆಯೇ ಇಲ್ಲದ ಹುಲ್ಲುಗಾವಲಿನ ಕಥೆ. ನಮ್ಮ ಕೆರೆಗೆ ಕಟ್ಟಳೆಯಿತ್ತು, ಬೋರಿಗೆ ಇರಲಿಲ್ಲ.

ಬೋರಿನ ಮುಂದೆ ಒಬ್ಬಂಟಿಯಾಗುವ ನಮ್ಮದೇ ರೈತರು ಬೆಳಿಗ್ಗೆ ಆರು ಗಂಟೆಗೆ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಎಕರೆಯವನ ಹಾಲಿಗೂ ಹತ್ತು ಎಕರೆಯವನ ಹಾಲಿಗೂ ಅದೇ ಅಳತೆ, ಅದೇ ಫ್ಯಾಟ್ ಪರೀಕ್ಷೆ. ನೀರು ಬೆರೆಸಿದರೆ ಎಲ್ಲರ ಎದುರು ಗೊತ್ತಾಗುತ್ತದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು, ಕೂಡಿ ಬಾಳುವುದನ್ನು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ಡೈರಿಯಲ್ಲಿ ಕೂಡಿದ್ದಕ್ಕೆ ಪ್ರತಿಯೊಬ್ಬನ ಲಾಭವೂ ಕೂಡಿಯೇ ಬರುತ್ತದೆ. ಆದರೆ ಆ ಹಸುವಿನ ಹಸಿರು ಮೇವು ಬೆಳೆಯುವುದು ಬೋರಿನ ನೀರಿನಲ್ಲಿ, ಅದು ನನ್ನ ಮಾತಿಗೆ ಒಂದು ತೊಡಕೇ. ಹನಿ ನೀರಾವರಿಯೂ ಹಾಗೆಯೇ: ಒಂದು ಎಕರೆಯಲ್ಲಿ ಉಳಿಸಿದ ನೀರಿಗೆ ಇನ್ನೊಂದು ಎಕರೆ ಟೊಮೆಟೊ ಹಾಕಿದೆವು. ಉಪಕರಣ ಬದಲಾದರೆ ಸಾಲದು, ಎಷ್ಟು ಎತ್ತಬೇಕೆಂಬ ಮಾತು ಊರಿನಲ್ಲಿ ಆಗಬೇಕು.

ಆ ಮಾತು ಆದ ಕಡೆಗಳಿವೆ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ನಮಗಿಂತ ಕಡಿಮೆ ಮಳೆಯ ಊರು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಗ್ರಾಮಸಭೆಯಲ್ಲಿ ಕೂತು, ಬೇಸಾಯಕ್ಕೆ ಬೋರ್‌ವೆಲ್ ಬೇಡ, ಹೆಚ್ಚು ನೀರು ಕುಡಿಯುವ ಬೆಳೆ ಬೇಡ ಎಂದು ನಿರ್ಧರಿಸಿದರು. ಮಳೆ ಮುಗಿದ ಮೇಲೆ ಊರಿನ ನೀರಿನ ಲೆಕ್ಕ ಹಾಕಿ ಬೆಳೆ ಯಾವುದೆಂದು ತೀರ್ಮಾನಿಸುತ್ತಾರೆ. ನಮ್ಮ ಪಕ್ಕದ ಆಂಧ್ರದ ಬರದ ಜಿಲ್ಲೆಗಳಲ್ಲಿ ರೈತರೇ ಮಳೆಮಾಪಕ ಓದಿ, ಬೋರ್‌ವೆಲ್ ಮಟ್ಟ ಅಳೆದು ಗೋಡೆಯ ಮೇಲೆ ಬರೆದು ಹಾಕಿದರು. ಯಾರೂ ಯಾರಿಗೂ ಆಜ್ಞೆ ಮಾಡಲಿಲ್ಲ, ನೆಲದ ಕೆಳಗಿರುವುದು ಎಷ್ಟೆಂದು ಎಲ್ಲರಿಗೂ ಕಾಣುವಂತಾಯಿತು, ಅಷ್ಟೆ. ನಮ್ಮಲ್ಲಿಯೂ 2011ರ ಅಂತರ್ಜಲ ಕಾಯ್ದೆ ಇದೆ, ಬೋರ್‌ವೆಲ್ ಕೊರೆಸುವ ಮುಂಚೆ ಅನುಮತಿ ಬೇಕು. ಆದರೆ ಒಂದು ರಾತ್ರಿಯಲ್ಲಿ ಕೆಲಸ ಮುಗಿಸಿ ಹೋಗುವ ರಿಗ್ ಲಾರಿಯನ್ನು ದೂರದ ಕಚೇರಿ ತಡೆಯಲಾರದು. ಅದನ್ನು ತಡೆಯಬಲ್ಲವರು ಪಕ್ಕದ ಹೊಲದವರು ಮಾತ್ರ.

ಹೊರಗಿನಿಂದ ಬಂದ ನೀರಿನ ಮಾತೂ ಇದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಒಣಗಿದ ಕೆರೆಗಳಲ್ಲಿ ನೀರು ಕಂಡ ಜನರ ಕಣ್ಣಿನ ಬೆಳಕನ್ನು ನಾನು ನೋಡಿದ್ದೇನೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕು ಎಂದು ಹೋರಾಡುತ್ತಿರುವವರ ಜೊತೆಯೂ ನಾನಿದ್ದೇನೆ. ರಾಜಧಾನಿಯ ಹಿತಕ್ಕೂ ಜಿಲ್ಲೆಯ ಹಿತಕ್ಕೂ ನಡುವೆ ಅಳತೆಗೋಲು ಒಂದೇ ಇರಬೇಕು. ನಗರದ ಮಗು ಕುಡಿಯದ ನೀರನ್ನು ನಮ್ಮ ಮಗುವಿನ ಬಾವಿಗೆ ಇಂಗಿಸಬಾರದು.

ಕೊನೆಗೆ ನಮ್ಮೂರಿನ ಒಂದು ಸಭೆಯ ವಿಷಯ. 2021ರ ನವೆಂಬರಿನ ಮಳೆಗೆ ನಮ್ಮ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಹರಿಯಿತು. ಹೆಣ್ಣುಮಕ್ಕಳು ಬಾಗಿನ ಬಿಟ್ಟರು, ಹುಡುಗರು ಫೋಟೊ ತೆಗೆದರು. ಹದಿನೈದು ದಿನಕ್ಕೆ ಜಗಳ ಶುರುವಾಯಿತು. ಬೋರಿನವರು ತೂಬು ತೆಗೆಯಬೇಡಿ, ನೀರು ನಿಂತರೆ ಬೋರು ಚೇತರಿಸಿಕೊಳ್ಳುತ್ತವೆ ಎಂದರು. ಅಚ್ಚುಕಟ್ಟಿನಲ್ಲಿ ಅರ್ಧ ಎಕರೆ ಗದ್ದೆ ಮಾತ್ರ ಇರುವವರು, ಇಷ್ಟು ವರ್ಷದ ಮೇಲೆ ಒಂದು ಬೆಳೆ ಭತ್ತ ಕಾಣೋಣ, ತೂಬು ತೆಗೆಯಿರಿ ಎಂದರು. ಮೀನು ಹರಾಜಿನ ಮೇಲೆ ಕಣ್ಣಿಟ್ಟವರು ಇನ್ನೊಂದು ಹೇಳಿದರು. ಎಲ್ಲರೂ ಊರಿನ ಹಿತ ಎಂಬ ಮಾತನ್ನೇ ಬಳಸುತ್ತಿದ್ದರು.

ಅರಳಿಕಟ್ಟೆಯ ಮೇಲೆ ಕೂತವರ ಮಾತು ಮುಗಿಯುವಂತೆ ಕಾಣಲಿಲ್ಲ. ಕೊನೆಯ ನೀರುಗಂಟಿಯ ಮೊಮ್ಮಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ, ಆ ಭಾನುವಾರ ಊರಿಗೆ ಬಂದಿದ್ದ. ತೂಬಿನ ಗೂಟ ಹೂಳಿನಲ್ಲಿ ಎಲ್ಲಿದೆ ಎಂದು ಗೊತ್ತಿದ್ದವನು ಅವನೊಬ್ಬನೇ, ಅಜ್ಜ ತೋರಿಸಿದ್ದನಂತೆ. ಹಿರಿಯರೊಬ್ಬರು ಅವನ ಕಡೆ ತಿರುಗಿ, ‘ನೀನು ಇಳೀತೀಯೇನಪ್ಪ?’ ಎಂದರು. ಅವನು ಕಟ್ಟೆಯ ಕೆಳಗೆ ನಿಂತಿದ್ದ. ‘ಇಳೀತೀನಿ ಯಜಮಾನ್ರೇ. ನಮ್ಮಜ್ಜ ನಲವತ್ತು ವರ್ಷ ನೀರು ಬಿಟ್ಟ, ನಮ್ಮ ಮನೆಗೆ ಒಂದು ಗುಂಟೆ ಗದ್ದೆ ಬರಲಿಲ್ಲ. ಈ ಸಲ ಯಾರಿಗೆಷ್ಟು ಅಂತ ಮೊದಲು ಬರೀರಿ. ನಮ್ಮ ಕೇರಿ ಹೆಸರೂ ಬರೀರಿ. ನಮ್ಮ ಹೆಂಗಸರೂ ಬಂದು ಕೂತ್ಕೊಳ್ಳಲಿ, ಆಮೇಲೆ ಇಳೀತೀನಿ’ ಎಂದ.

ಕಟ್ಟೆಯ ಮೇಲಿದ್ದವರು ಸ್ವಲ್ಪ ಸರಿದು ಅವನಿಗೆ ಕೂರಲು ಜಾಗ ಮಾಡಿದರು. ಸರಿಯದೆ ಎದ್ದುಹೋದವರೂ ಇದ್ದರು. ಯಾರೋ ಓಡಿಹೋಗಿ ಅಂಗಡಿಯಿಂದ ನೂರು ಪುಟದ ನೋಟ್‌ಬುಕ್ ತಂದರು. ಮಾವನ ಮಗ, ಈಗ ಅವನ ಬೋರೂ ನಮ್ಮ ಬೋರೂ ಎರಡೂ ಬತ್ತಿವೆ, ಮೊದಲ ಪುಟದಲ್ಲಿ ಗೆರೆ ಎಳೆದು ಹೆಸರು ಬರೆಯಲು ಶುರುಮಾಡಿದ. ಕತ್ತಲಾಗುವ ಹೊತ್ತಿಗೆ ಪಟ್ಟಿ ಅರ್ಧ ಆಗಿತ್ತು. ಮುಂದಿನ ಭಾನುವಾರ ಮತ್ತೆ ಸೇರುವುದೆಂದು ತೀರ್ಮಾನವಾಯಿತು, ಅಲ್ಲಿಯವರೆಗೆ ತೂಬು ಮುಚ್ಚಿಯೇ ಇರಲಿ ಎಂದರು.